ಮಾಸ್ಟರ್ ಬಾತ್‌ರೂಮಿನ ಬಾತ್‌ಟಬ್: ಇಟ್ಟುಕೊಳ್ಳುವುದೋ, ತೆಗೆಸುವುದೋ?

ಇದು ಬೆಂಗಳೂರಿನ ಫ್ಲಾಟ್‌ಗಳಲ್ಲಿ ಬಿಲ್ಡರೇ ಕೂರಿಸಿಕೊಡುವ, ಐದಡಿ ಉದ್ದ ಎರಡೂವರೆ ಅಡಿ ಅಗಲದ ಅಕ್ರಿಲಿಕ್ ಟಬ್ಬಿನ ಬಗ್ಗೆ. ವರ್ಷಗಟ್ಟಲೆ ಬಳಸಿದ ಮೇಲೆ ಹೇಳುವುದಿಷ್ಟು: ಬಾತ್‌ರೂಮ್ ಹೊಸದಾಗಿ ಮಾಡಿಸುವಾಗ ಟಬ್ ಉಳಿಸಬೇಕೋ ಬೇಡವೋ ಎಂದು ಟೈಲ್ಸ್ ಅಂಗಡಿಯಲ್ಲಿ ನಿಂತು ತೀರ್ಮಾನಿಸಬೇಡಿ. ಮೊದಲು ಗೀಸರ್ ನೋಡಿ, ಆಮೇಲೆ ಟಬ್ಬಿನ ಕೆಳಗೆ ಟಾರ್ಚ್ ಬಿಟ್ಟು ನೋಡಿ.

ಎದೆಮಟ್ಟ ಮುಳುಗಿ ಕೂರಲು ಸುಮಾರು 150 ಲೀಟರ್ ನೀರು ಬೇಕು, ಅಂದರೆ ಏಳೂವರೆ ಬಕೆಟ್. 25 ಲೀಟರ್ ಗೀಸರಿನಲ್ಲಿ 60 ಡಿಗ್ರಿಗೆ ಕಾದ ನೀರಿಗೆ 25 ಡಿಗ್ರಿಯ ತಣ್ಣೀರು ಬೆರೆಸಿ 40 ಡಿಗ್ರಿಗೆ ತಂದರೆ ಸಿಗುವುದು 55-58 ಲೀಟರ್ ಅಷ್ಟೇ. ಹಾಗಾಗಿ ಗೀಸರ್ ಎರಡೂವರೆ ಸಲ ಕಾಯಬೇಕು. 2 ಕಿಲೋವ್ಯಾಟ್ ಕಾಯಿಲ್ ಇದ್ದರೆ ಸಲಕ್ಕೆ ಅರ್ಧ ಗಂಟೆ; ಮೂರನೇ ಸಲದ ನೀರು ಬರುವಷ್ಟರಲ್ಲಿ ಮೊದಲು ಬಿಟ್ಟದ್ದು ಆರಿರುತ್ತದೆ. ಕರೆಂಟು ದೊಡ್ಡ ಖರ್ಚಲ್ಲ, ಮೂರು ಯೂನಿಟ್ ಆಸುಪಾಸು. ತೊಡಕಿರುವುದು ಗೀಸರಿನ ಅಳತೆಯಲ್ಲಿ. 200 ಲೀಟರ್ ಸೋಲಾರ್ ಅಥವಾ 50 ಲೀಟರ್ ಮೇಲ್ಪಟ್ಟ ಗೀಸರ್ ಇಲ್ಲದ ಮನೆಯಲ್ಲಿ ಟಬ್ ತುಂಬುವುದೇ ಬೇಸರದ ಕೆಲಸ, ಕ್ರಮೇಣ ನಿಂತೂಹೋಗುತ್ತದೆ. ಗ್ಯಾಸ್ ಗೀಸರ್ ಹಾಕಿಸಿ ಎಂದು ಕೆಲವರು ಸಲಹೆ ಕೊಡುತ್ತಾರೆ. ದಯವಿಟ್ಟು ಅದನ್ನು ಬಾತ್‌ರೂಮಿನ ಒಳಗೆ ಹಾಕಿಸಬೇಡಿ. ಅದರಿಂದ ಬರಬಹುದಾದ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಾಗಿಲು ಹಾಕಿಕೊಂಡು ತುಂಬ ಹೊತ್ತು ಕೂತವರ ಪ್ರಾಣಕ್ಕೇ ಅಪಾಯ.

ದಿನನಿತ್ಯ ಬಹುತೇಕ ಮನೆಗಳಲ್ಲಿ ಟಬ್ಬಿನೊಳಗೆ ನಿಂತೇ ಶವರ್ ಸ್ನಾನ. ಅಂಚು ನೆಲದಿಂದ 50-55 ಸೆಂ.ಮೀ. ಎತ್ತರ, ಮಂಡಿನೋವಿರುವ ಹಿರಿಯರು ಒದ್ದೆ ಕಾಲಲ್ಲಿ ದಾಟಬೇಕು. ದೀಪಾವಳಿಯ ಎಣ್ಣೆಸ್ನಾನವನ್ನು ಮಾತ್ರ ಇದರೊಳಗೆ ಮಾಡಲೇಬೇಡಿ. ಅಕ್ರಿಲಿಕ್ ಮೇಲೆ ಎಣ್ಣೆ ಬಿದ್ದರೆ ಕಾಲು ನಿಲ್ಲುವುದಿಲ್ಲ. ಸೀಗೆಪುಡಿ, ಕಡಲೆಹಿಟ್ಟು ಕೂದಲಿನ ಜೊತೆ ಸೇರಿ ಟ್ರ್ಯಾಪಿನಲ್ಲಿ (ಡ್ರೈನಿನ ಕೆಳಗೆ ನೀರು ನಿಲ್ಲುವ ಬಾಗಿದ ಪೈಪ್) ಗಟ್ಟಿಯಾಗಿ ಕೂರುತ್ತವೆ. ಬೋರ್‌ವೆಲ್ ನೀರಿನ ಬಿಳಿ ಕಲೆಗೆ ಟೈಲ್ಸ್ ತೊಳೆಯುವ ಆಸಿಡ್ ಬೇಡ, ಹೊಳಪು ಹೋಗುತ್ತದೆ. ವಿನಿಗರ್‌ಗೆ ಅಷ್ಟೇ ನೀರು ಸೇರಿಸಿ, ಬಟ್ಟೆಯಲ್ಲಿ ಹತ್ತು ನಿಮಿಷ ನೆನೆಸಿಟ್ಟು ಒರೆಸಿದರೆ ಸಾಕು. ಸ್ಟೀಲ್ ಸ್ಕ್ರಬ್ಬರ್ ಮುಟ್ಟಿಸಬೇಡಿ.

ಇನ್ನು ಸೋರಿಕೆ. ಕೆಳಗಿನ ಮನೆಯವರ ಸೀಲಿಂಗ್ ಒದ್ದೆಯಾದಾಗ ಪ್ಲಂಬರ್ ಟಬ್ಬನ್ನೇ ದೂರುತ್ತಾರೆ, ಆದರೆ ಟಬ್ ಒಡೆಯುವುದು ಅಪರೂಪ. ಹೀಗೆ ಪರೀಕ್ಷಿಸಿ: ಎಲ್ಲವನ್ನೂ ಒಣಗಿಸಿ, ಡ್ರೈನ್ ಮುಚ್ಚಿ, ಅರ್ಧ ತುಂಬಿಸಿ, ನೀರಿನ ಮಟ್ಟಕ್ಕೆ ಟೇಪ್ ಅಂಟಿಸಿ ರಾತ್ರಿಯಿಡೀ ಬಿಡಿ. ಮಟ್ಟ ಕೂದಲೆಳೆಗಿಂತ ಹೆಚ್ಚು ಇಳಿದಿದ್ದರೆ ಸೋರುತ್ತಿರುವುದು ಮುಚ್ಚಳ ಅಥವಾ ವೇಸ್ಟ್ ಕಪ್ಲಿಂಗಿನ (ಡ್ರೈನ್ ತೂತನ್ನು ಪೈಪಿಗೆ ಜೋಡಿಸುವ ಭಾಗ) ವಾಷರ್. ಇಳಿಯದಿದ್ದರೆ ಒಮ್ಮೆಲೇ ನೀರು ಬಿಟ್ಟು ಕೆಳಗಿನ ಪೈಪ್ ಜಾಯಿಂಟ್ ನೋಡಿ. ಅದೂ ಒಣಗಿದ್ದರೆ ಹೆಚ್ಚಾದ ನೀರು ಹೊರಹೋಗಲು ಮೇಲ್ಗಡೆ ಇರುವ ಓವರ್‌ಫ್ಲೋ ತೂತಿನವರೆಗೆ ತುಂಬಿಸಿ ನೋಡಿ. ಕೊನೆಗೆ ಟಬ್ ಖಾಲಿ ಇಟ್ಟು, ಗೋಡೆಗೆ ಮಾತ್ರ ಶವರ್ ಬಿಡಿ. ಹೆಚ್ಚಿನ ಸಲ ಸಿಕ್ಕಿಬೀಳುವುದು ಇಲ್ಲಿ, ಗೋಡೆ-ಟಬ್ ಸಂಧಿಯಲ್ಲಿ.

ಆ ಸಂಧಿ ಬಿರಿಯಲು ಕಾರಣ ಸರಳ. ನೀರು, ಮನುಷ್ಯ ಸೇರಿ 200 ಕಿಲೋ ಮೀರಿದ ಭಾರಕ್ಕೆ ಟಬ್ ಒಂದಿಷ್ಟು ಕೆಳಗೆ ಇಳಿಯುತ್ತದೆ. ಸಂಧಿಗೆ ತುಂಬಿದ ಬಿಳಿ ಸಿಮೆಂಟು ಜಗ್ಗುವುದಿಲ್ಲ, ಬಿರುಕು ಬಿಡುತ್ತದೆ. ಹಳೆಯದನ್ನು ಪೂರ್ತಿ ಕೆರೆದು ಒಣಗಿಸಿ, ಟಬ್ ತುಂಬ ನೀರು ತುಂಬಿಸಿಟ್ಟು, ಆ ಭಾರ ಇರುವಾಗಲೇ ಬೂಷ್ಟು ನಿರೋಧಕ ಸಿಲಿಕೋನ್ ಹಾಕಬೇಕು. ಒಂದು ದಿನ ಬಿಟ್ಟು ನೀರು ತೆಗೆಯಿರಿ. ಖಾಲಿ ಟಬ್ಬಿಗೆ ಹಾಕಿದ ಸಿಲಿಕೋನ್ ಮೊದಲ ಕೆಲವು ಸ್ನಾನಗಳಲ್ಲೇ ಎಳೆದು ಬಿಟ್ಟುಕೊಳ್ಳಬಹುದು.

ಬಹಳಷ್ಟು ಟಬ್‌ಗಳಿಗೆ ಮುಂದೆ ಇಟ್ಟಿಗೆ ಕಟ್ಟಿ ಟೈಲ್ಸ್ ಅಂಟಿಸಿ ಮುಚ್ಚಿಬಿಟ್ಟಿರುತ್ತಾರೆ, ಕೈ ಹಾಕಲು ಒಂದು ಕಿಂಡಿಯೂ ಇರುವುದಿಲ್ಲ. ಟಬ್ ಉಳಿಸುವುದಾದರೆ ವೇಸ್ಟ್ ಇರುವ ಕಡೆ ಒಂದಡಿ ಚೌಕದ ಬಿಚ್ಚುವ ಬಾಗಿಲು ಕಡ್ಡಾಯ. ತಳ ಕಿರುಗುಟ್ಟುತ್ತಿದ್ದರೆ ಅಡಿಯಲ್ಲಿ ಗಾರೆ ಹಾಸು ಇಲ್ಲದಿರಬಹುದು. ಅಂಥದ್ದನ್ನು ಎತ್ತಿ ಮತ್ತೆ ಕೂರಿಸದೆ ಹೊಸ ಟೈಲ್ಸ್ ಹಾಕಿಸಬೇಡಿ.

ದೊಡ್ಡ ಗೀಸರ್ ಇಲ್ಲ, ಟ್ಯಾಂಕರ್ ನೀರು, ವಯಸ್ಸಾದವರಿದ್ದಾರೆ ಎಂದರೆ ತೆಗೆಸಿಬಿಡಿ. ಮನೆಯಲ್ಲಿ ಪುಟ್ಟ ಮಕ್ಕಳಿದ್ದು ಸೋಲಾರೂ ಇದ್ದರೆ ಇನ್ನು ಕೆಲವು ವರ್ಷ ಇಟ್ಟುಕೊಳ್ಳುವುದೇ ಲೇಸು. ತೆಗೆದ ಜಾಗಕ್ಕೆ ಮೂರಡಿ ಅಗಲದ ಶವರ್ ಜಾಗ, 8 ಮಿ.ಮೀ. ಟಫನ್ಡ್ ಗಾಜು, ಡ್ರೈನಿನ ಕಡೆಗೆ 80ಕ್ಕೆ 1ರ ಇಳಿಜಾರು (80 ಸೆಂ.ಮೀ.ಗೆ 1 ಸೆಂ.ಮೀ.), ಗೋಡೆಗೆ ಗಟ್ಟಿಯಾಗಿ ಬಿಗಿದ ಹಿಡಿಕೆ ಹಾಕಿಸಿ. ಟಬ್ಬಿನ ಕೆಳಗೆ ಎಷ್ಟೋ ಕಡೆ ವಾಟರ್‌ಪ್ರೂಫಿಂಗ್ ಮಾಡಿರುವುದೇ ಇಲ್ಲ. ಸಂಕನ್ ಸ್ಲ್ಯಾಬಿನ (ಪೈಪುಗಳಿಗಾಗಿ ತಗ್ಗಿಸಿದ ಬಾತ್‌ರೂಮ್ ನೆಲ) ತುಂಬುಮಣ್ಣು ಒದ್ದೆಯಿದ್ದರೆ ಪೂರ್ತಿ ತೆಗೆಸಿ, ವಾಟರ್‌ಪ್ರೂಫಿಂಗ್ ಎರಡು ಕೋಟ್ ಬಳಿಸಿ, ಶವರ್ ಗೋಡೆಯಲ್ಲಿ ಆರಡಿ ಎತ್ತರದವರೆಗೂ ಒಯ್ಯಿಸಿ. 48 ಗಂಟೆ ನೀರು ನಿಲ್ಲಿಸಿ, ಕೆಳಗಿನ ಮನೆಯ ಸೀಲಿಂಗ್ ಖುದ್ದಾಗಿ ನೋಡಿಕೊಂಡು ಬಂದ ಮೇಲೆಯೇ ಟೈಲ್ಸ್ ಕೆಲಸಕ್ಕೆ ಒಪ್ಪಿಗೆ ಕೊಡಿ. ಬಳಕೆಗೆ ಬಾರದ ಟಬ್ಬಿನ ಹಳೆ ಪೈಪಿಗೆ ಎಂಡ್ ಕ್ಯಾಪ್ ಅಂಟಿಸಿದ್ದಾರೆಯೇ ಎಂದೂ ಆಗಲೇ ಕೇಳಿ. ಬಟ್ಟೆ ತುರುಕಿ ಮುಚ್ಚಿಬಿಟ್ಟರೆ ಗಟಾರದ ವಾಸನೆ ನೆಲದಡಿಯಿಂದ ಬರುತ್ತದೆ, ಆಮೇಲೆ ಹೊಸ ಟೈಲ್ಸ್ ಒಡೆಯದೆ ದಾರಿಯಿಲ್ಲ.