ಅರ್ಧ ಸುತ್ತು ತಿರುಗಿ ನಿಲ್ಲುವ ಗಾರ್ಡನ್ ಟ್ರ್ಯಾಕ್ಟರ್: ಸೆಲ್ಫ್ ಮೋಟಾರ್ ಬದಲಿಸುವ ಮುನ್ನ ಇದನ್ನು ನೋಡಿ

ಹುಲ್ಲು ಕತ್ತರಿಸುವ ಗಾರ್ಡನ್ ಟ್ರ್ಯಾಕ್ಟರ್, ಒಂದೇ ಸಿಲಿಂಡರಿನ, ವಾಲ್ವ್‌ಗಳು ಸಿಲಿಂಡರ್ ತಲೆಯಲ್ಲಿರುವ ಓವರ್‌ಹೆಡ್ ವಾಲ್ವ್ ಎಂಜಿನ್. ಕೀ ತಿರುಗಿಸಿದರೆ ಎಂಜಿನ್ ಅರ್ಧ ಸುತ್ತು ತಿರುಗಿ ಗಕ್ಕನೆ ನಿಲ್ಲುತ್ತಿತ್ತು. ಮೊದಲು ಹೊಸ ಬ್ಯಾಟರಿ ಬಂತು, ಆಮೇಲೆ ಸೆಲ್ಫ್ ಮೋಟಾರಿಗೆ ಕರೆಂಟ್ ಹಾಯಿಸುವ ಸೊಲೆನಾಯ್ಡ್ ಸ್ವಿಚ್, ಆಮೇಲೆ ಸೆಲ್ಫ್ ಮೋಟಾರ್. ಯಾವುದಕ್ಕೂ ಜಗ್ಗದಿದ್ದಾಗ ಕೀ ಸ್ವಿಚ್ ಮೇಲೆ ಅನುಮಾನ ಹೋಗಿ ಅದನ್ನೂ ಬದಲಿಸಲಾಯಿತು. ಅಲ್ಲಿಗೆ ನೆಟ್ಟಗಿದ್ದ, ಸ್ಪಾರ್ಕ್ ಹುಟ್ಟಿಸುವ ಇಗ್ನಿಷನ್ ಕಾಯಿಲ್ ಕೂಡ ಸುಟ್ಟುಹೋಯಿತು. ಮೂಲ ದೋಷ ಇದ್ದದ್ದು ಟ್ಯಾಪೆಟ್ ಗ್ಯಾಪ್‌ನಲ್ಲಿ, ಅಂದರೆ ವಾಲ್ವ್ ತುದಿಗೂ ಅದನ್ನು ಒತ್ತುವ ರಾಕರ್ ತೋಳಿಗೂ ನಡುವಿನ ಸಣ್ಣ ಸಡಿಲದಲ್ಲಿ. ಅದನ್ನು ಸರಿಮಾಡಲು ಒಂದು ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿಗಳು), ಎರಡು ಸ್ಪ್ಯಾನರ್, ಅರ್ಧ ಗಂಟೆ ಸಾಕಿತ್ತು.

ಇದು ಅಪರೂಪದ ದೋಷವೇನಲ್ಲ. ಇಂಥ ಎಂಜಿನ್ನುಗಳಲ್ಲಿ ಕಂಪ್ರೆಷನ್ ರಿಲೀಸ್ ಎಂಬ ಏರ್ಪಾಡು ಇರುತ್ತದೆ. ಎಂಜಿನ್ ನಿಧಾನವಾಗಿ ತಿರುಗುವಾಗ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್ ಮೇಲಿನ ಒಂದು ಸಣ್ಣ ಉಬ್ಬು, ಪಿಸ್ಟನ್ ಮೇಲೇರಿ ಗಾಳಿಯನ್ನು ಒತ್ತುವ ಕಂಪ್ರೆಷನ್ ಹೊಡೆತದಲ್ಲೇ ಒಂದು ವಾಲ್ವನ್ನು ಚೂರು ಎತ್ತಿ ಹಿಡಿದು ಒತ್ತಡ ಸೋರಲು ಬಿಡುತ್ತದೆ. ಎಂಜಿನ್ ವೇಗ ಹಿಡಿದ ಮೇಲೆ ಉಬ್ಬು ಹಿಂದೆ ಸರಿಯುತ್ತದೆ. ಆ ಎತ್ತುವಿಕೆ ತೀರಾ ಚಿಕ್ಕದು. ಸವೆತದಿಂದ ಟ್ಯಾಪೆಟ್ ಗ್ಯಾಪ್ ಹಿಗ್ಗಿದರೆ ಉಬ್ಬಿನ ಕೆಲಸವೆಲ್ಲ ಆ ಸಡಿಲದಲ್ಲೇ ಕಳೆದುಹೋಗಿ ವಾಲ್ವ್ ತೆರೆಯುವುದೇ ಇಲ್ಲ. ಆಗ ಸೆಲ್ಫ್ ಮೋಟಾರ್ ಪೂರ್ತಿ ಕಂಪ್ರೆಷನ್ ಎದುರು ಸೆಣಸಬೇಕು. ಹೊಸ ಬ್ಯಾಟರಿ ಹಾಕಿದ ದಿನ ಹೇಗೋ ಸ್ಟಾರ್ಟ್ ಆಗಿಬಿಡುವುದೂ ಉಂಟು. ಜನ ಮೋಸ ಹೋಗುವುದು ಅಲ್ಲೇ.

ಹಾಗೆಂದು ನೇರವಾಗಿ ವಾಲ್ವ್ ಕವರ್ ಬಿಚ್ಚಬೇಡಿ. ಮೊದಲು ಮಲ್ಟಿಮೀಟರ್ ಹಿಡಿಯಿರಿ. ಚಾರ್ಜ್ ಮಾಡಿ ಕೆಲವು ಗಂಟೆ ಬಿಟ್ಟ 12 ವೋಲ್ಟ್ ಬ್ಯಾಟರಿ 12.6 ಆಸುಪಾಸು ತೋರಿಸಬೇಕು. 12.0 ತೋರಿಸಿದರೆ ಅದು ಹೆಚ್ಚುಕಡಿಮೆ ಖಾಲಿ, ಚಾರ್ಜ್ ಮಾಡದೆ ಮುಂದಿನ ಯಾವ ಪರೀಕ್ಷೆಗೂ ಅರ್ಥವಿಲ್ಲ. ಬಳಿಕ ಒಬ್ಬರು ಕೀ ತಿರುಗಿಸುವಾಗ ಇನ್ನೊಬ್ಬರು ಬ್ಯಾಟರಿಯ ಮೈನಸ್ ಕಂಬಕ್ಕೂ ಎಂಜಿನ್ ಬ್ಲಾಕ್‌ನ ಬರಿ ಲೋಹಕ್ಕೂ ನಡುವೆ ಅಳೆಯಿರಿ. 0.3 ವೋಲ್ಟ್ ಮೀರಿದರೆ ಅರ್ತ್ ವೈರ್ ಕೆಟ್ಟಿದೆ, ಇಲ್ಲವೇ ಅದರ ಬೋಲ್ಟಿನ ಕೆಳಗೆ ತುಕ್ಕೋ ಬಣ್ಣವೋ ಕೂತಿದೆ. ಹಾಗೆಯೇ ಕೀ ತಿರುಗಿಸುವಾಗ ಪ್ಲಸ್ ಕಂಬದಿಂದ ಸೆಲ್ಫ್ ಮೋಟಾರಿನ ಸ್ಟಡ್‌ವರೆಗೆ (ಕೇಬಲ್ ಬಿಗಿಯುವ ಬೋಲ್ಟ್) 0.5 ವೋಲ್ಟ್ ದಾಟಬಾರದು. ದಾಟಿದರೆ ದೋಷ ಕೇಬಲ್ ತುದಿಗಳಲ್ಲಿ ಅಥವಾ ಸೊಲೆನಾಯ್ಡ್‌ನಲ್ಲಿ. ಈ ಎರಡು ಅಳತೆ ತೆಗೆದುಕೊಂಡಿದ್ದರೆ ಆ ಸೊಲೆನಾಯ್ಡ್ ಬದಲಿಸುವ ಪ್ರಮೇಯವೇ ಬರುತ್ತಿರಲಿಲ್ಲ.

ಕೀ ತಿರುಗಿಸಿದಾಗ ಟಕ್ ಎಂಬ ಸದ್ದೂ ಇಲ್ಲದಿದ್ದರೆ ಅದು ಬೇರೆಯೇ ಕಥೆ. ಫ್ಯೂಸ್, ಬ್ರೇಕ್ ಪೆಡಲ್ ಸ್ವಿಚ್, ಬ್ಲೇಡ್ ಸ್ವಿಚ್, ಸೀಟ್ ಸ್ವಿಚ್ ಇವುಗಳಲ್ಲಿ ಹುಡುಕಿ. ಸೊಲೆನಾಯ್ಡ್‌ನ ಎರಡು ದಪ್ಪ ಸ್ಟಡ್‌ಗಳ ಮೇಲೆ ಸ್ಕ್ರೂಡ್ರೈವರ್ ಅಡ್ಡ ಇಟ್ಟು ಸ್ಟಾರ್ಟ್ ಮಾಡುವ ಚಾಳಿ ಮಾತ್ರ ಬೇಡವೇ ಬೇಡ. ಹಾಗೆ ಮಾಡಿದರೆ ಬ್ರೇಕ್ ಮತ್ತು ಬ್ಲೇಡ್ ಸ್ವಿಚ್‌ಗಳ ತಡೆ ತಪ್ಪಿಹೋಗುತ್ತದೆ. ಗಾಡಿ ಗೇರಿನಲ್ಲಿದ್ದರೆ ಪಕ್ಕದಲ್ಲಿ ನಿಂತವರ ಮೇಲೇ ಹರಿಯಬಹುದು.

ಎಲ್ಲ ಅಳತೆಯೂ ಸರಿ ಇದ್ದು ಎಂಜಿನ್ ಇನ್ನೂ ಅರ್ಧ ಸುತ್ತಿಗೇ ನಿಲ್ಲುತ್ತಿದ್ದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ. ಬಿಚ್ಚಿದ ಪ್ಲಗ್ ವೈರಿನ ತುದಿಯನ್ನು ಪ್ಲಗ್ ರಂಧ್ರದಿಂದ ದೂರದಲ್ಲಿ ಬ್ಲಾಕ್‌ಗೆ ಅರ್ತ್ ಮಾಡಿ, ಬಯಲಲ್ಲಿ ನಿಂತು ಕೀ ತಿರುಗಿಸಿ. ರಂಧ್ರದಿಂದ ಪೆಟ್ರೋಲ್ ಚಿಮ್ಮಿದರೆ ಕಾರ್ಬುರೇಟರಿನಲ್ಲಿ ಪೆಟ್ರೋಲ್ ತಡೆಯುವ ಫ್ಲೋಟ್ ನೀಡಲ್ ಮುಚ್ಚುತ್ತಿಲ್ಲ, ಸಿಲಿಂಡರ್ ತುಂಬಿಕೊಂಡಿದೆ ಎಂದು ತಿಳಿಯಿರಿ. ಆಗ ಡಿಪ್‌ಸ್ಟಿಕ್ ಕೂಡ ಮೂಸಿ ನೋಡಿ. ಆಯಿಲ್ ಮಟ್ಟ ಏರಿ ಪೆಟ್ರೋಲ್ ವಾಸನೆ ಬಂದರೆ ನೀಡಲ್ ಸರಿಪಡಿಸಿ ಆಯಿಲ್ ಬದಲಿಸುವವರೆಗೆ ಎಂಜಿನ್ ಓಡಿಸಬೇಡಿ. ಏನೂ ಚಿಮ್ಮದೆ ಎಂಜಿನ್ ಸರಾಗ ತಿರುಗಿದರೆ, ಈಗ ಟ್ಯಾಪೆಟ್ ನೋಡುವ ಹೊತ್ತು.

ಎಂಜಿನ್ ಪೂರ್ತಿ ತಣ್ಣಗಿರಬೇಕು. ವಾಲ್ವ್ ಕವರ್ ತೆಗೆದು ಫ್ಲೈವೀಲನ್ನು ಕೈಯಿಂದ ತಿರುಗಿಸುತ್ತಾ, ಎರಡೂ ವಾಲ್ವ್ ಮುಚ್ಚಿರುವ ಕಂಪ್ರೆಷನ್ ಹೊಡೆತದಲ್ಲಿ ಪಿಸ್ಟನ್ ಮೇಲ್ತುದಿಗೆ ತನ್ನಿ. ಅಲ್ಲಿಗೇ ನಿಲ್ಲಿಸಿ ಅಳೆದರೆ ಆ ಉಬ್ಬು ಇನ್ನೂ ವಾಲ್ವನ್ನು ಒತ್ತುತ್ತಿರಬಹುದು, ಗ್ಯಾಪ್ ಸುಳ್ಳು ಹೇಳುತ್ತದೆ. ಪಿಸ್ಟನ್ ಮೇಲ್ತುದಿ ದಾಟಿ ಇನ್ನೂ 6 ಮಿ.ಮೀ. ಕೆಳಗಿಳಿಯಲಿ. ಪ್ಲಗ್ ರಂಧ್ರದೊಳಗೆ ಉದ್ದನೆಯ ಪ್ಲಾಸ್ಟಿಕ್ ಕಡ್ಡಿ ಇಟ್ಟರೆ ಇಳಿದದ್ದು ತಿಳಿಯುತ್ತದೆ. ಕಬ್ಬಿಣದ ಸಲಾಕೆ ಹಾಕಿ ಪಿಸ್ಟನ್ ಗೀಚಬೇಡಿ. ಬ್ರಿಗ್ಸ್ ಅಂಡ್ ಸ್ಟ್ರ್ಯಾಟನ್‌ನ ಈ ಬಗೆಯ ಹಲವು ಎಂಜಿನ್ನುಗಳಿಗೆ ಗ್ಯಾಪ್ ಹೀಗಿರಬೇಕು: ಒಳಗೆ ಎಳೆಯುವ ಇನ್‌ಟೇಕ್ ವಾಲ್ವಿಗೆ 0.08ರಿಂದ 0.13 ಮಿ.ಮೀ., ಹೊಗೆ ಬಿಡುವ ಎಕ್ಸಾಸ್ಟ್ ವಾಲ್ವಿಗೆ 0.13ರಿಂದ 0.18 ಮಿ.ಮೀ. ಬೇರೆ ಎಂಜಿನ್ ಆದರೆ ಅದರ ಕೈಪಿಡಿಯ ಅಂಕಿಯನ್ನೇ ಹಿಡಿಯಿರಿ. ಆಯಿಲ್ ಒತ್ತಡದಿಂದ ಗ್ಯಾಪನ್ನು ತಾನೇ ಹೊಂದಿಸಿಕೊಳ್ಳುವ ಹೈಡ್ರಾಲಿಕ್ ಲಿಫ್ಟರ್ ಇರುವ ಎಂಜಿನ್ನಿಗೆ ಈ ಸೆಟ್ಟಿಂಗ್ ಇರುವುದಿಲ್ಲ. ಗೇಜ್ ತುಸು ಬಿಗಿಯಾಗಿ ಜಾರುವಂತೆ ಹೊಂದಿಸಿ ಲಾಕ್ ನಟ್ ಬಿಗಿಮಾಡಿ. ಬಿಗಿಯುವಾಗ ಗ್ಯಾಪ್ ಸರಿದುಬಿಡುತ್ತದೆ, ಆದ್ದರಿಂದ ಎರಡು ಪೂರ್ತಿ ಸುತ್ತು ತಿರುಗಿಸಿ ಮತ್ತೆ ಅದೇ ಜಾಗಕ್ಕೆ ತಂದು ಅಳೆಯಿರಿ. ಗ್ಯಾಪ್ ಪದೇ ಪದೇ ಹಿಗ್ಗುತ್ತಿದ್ದರೆ ರಾಕರ್ ಸ್ಟಡ್ ಸಡಿಲವೋ, ರಾಕರನ್ನು ತಳ್ಳುವ ಪುಶ್‌ರಾಡ್ ಬಾಗಿದೆಯೋ ನೋಡಿ. ಗ್ಯಾಪ್ ಸರಿ ಇದ್ದೂ ಎಂಜಿನ್ ನಿಲ್ಲುತ್ತಿದ್ದರೆ ಕ್ಯಾಮ್ ಮೇಲಿನ ರಿಲೀಸ್ ಭಾಗವೇ ಮುರಿದಿರಬಹುದು. ಅದಕ್ಕೆ ಎಂಜಿನ್ ಬಿಚ್ಚಲೇಬೇಕು.

ಇನ್ನು ಆ ಕಾಯಿಲ್ ಸುಟ್ಟದ್ದು. ಕೀ ಸ್ವಿಚ್‌ಗಳು ನೋಡಲು ಒಂದೇ ಥರ, ಡ್ಯಾಶ್‌ಬೋರ್ಡಿನ ಅದೇ ತೂತಿಗೆ ಕೂರುತ್ತವೆ, ಹಿಂಬದಿಯ ವೈರ್ ಪ್ಲಗ್ ಕೂಡ ಸಲೀಸಾಗಿ ಹೊಂದುತ್ತದೆ. ಒಳಗಿನ ಸಂಪರ್ಕ ಮಾತ್ರ ಬೇರೆ ಬೇರೆ. ಈ ಎಂಜಿನ್ನಿನ ಮ್ಯಾಗ್ನೆಟೋ ಕಾಯಿಲ್, ಫ್ಲೈವೀಲಿನ ಅಯಸ್ಕಾಂತದಿಂದ, ತನ್ನ ಕರೆಂಟನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಕೀಗೂ ಅದಕ್ಕೂ ನಡುವಿನ ತೆಳು ವೈರಿನ ಕೆಲಸ ಎಂಜಿನ್ ನಿಲ್ಲಿಸುವಾಗ ಕಾಯಿಲನ್ನು ಅರ್ತ್ ಮಾಡುವುದಷ್ಟೇ. ತಪ್ಪು ಸ್ವಿಚ್ ಆ ವೈರಿಗೆ ಬ್ಯಾಟರಿಯ 12 ವೋಲ್ಟ್ ಕೊಟ್ಟರೆ ಕಾಯಿಲ್ ಒಳಗಿನ ಎಲೆಕ್ಟ್ರಾನಿಕ್ಸ್ ಉಳಿಯುವುದಿಲ್ಲ. ಪಾರ್ಟ್ ನಂಬರ್ ತಾಳೆಯಾಗದ ಸ್ವಿಚ್ ಕೊಳ್ಳಲೇಬೇಡಿ. ಕೊಂಡ ಮೇಲೂ ಕೂರಿಸುವ ಮುನ್ನ ಮೀಟರ್ ಹಚ್ಚಿ: ಆಫ್‌ನಲ್ಲಿ ಎಂ (ಮ್ಯಾಗ್ನೆಟೋ) ಮತ್ತು ಜಿ (ಅರ್ತ್) ಕಾಲುಗಳು ಕೂಡಿರಬೇಕು, ಯಾವ ಸ್ಥಾನದಲ್ಲೂ ಎಂ ಕಾಲು ಬಿ (ಬ್ಯಾಟರಿ) ಕಾಲಿಗೆ ತಾಗಬಾರದು.

ಎಂಜಿನ್ ತಿರುಗುತ್ತಿದ್ದು ಸ್ಪಾರ್ಕ್ ಇಲ್ಲದಿದ್ದರೂ ಕಾಯಿಲ್ ಕೊಳ್ಳಲು ಆತುರ ಬೇಡ. ಆ ತೆಳು ವೈರನ್ನು ಕಾಯಿಲ್ ಕಡೆಯಿಂದ ಕಳಚಿ, ಸ್ಪಾರ್ಕ್ ಟೆಸ್ಟರ್ ಹಾಕಿ ನೋಡಿ. ಸ್ಪಾರ್ಕ್ ಬಂದರೆ ಕಾಯಿಲ್ ಗಟ್ಟಿ, ದೋಷ ಸ್ವಿಚ್‌ಗಳಲ್ಲೋ ಸವೆದು ಚಾಸಿಗೆ ತಾಗಿದ ವೈರಿನಲ್ಲೋ ಇದೆ. ವೈರ್ ಕಳಚಿದಾಗ ಕೀಯಿಂದ ಎಂಜಿನ್ ಆರಿಸಲಾಗದು, ಸೀಟಿನಿಂದ ಎದ್ದರೂ ಅದು ಓಡುತ್ತಲೇ ಇರುತ್ತದೆ. ಪರೀಕ್ಷೆ ಮುಗಿದ ಕೂಡಲೇ ಮರಳಿ ಜೋಡಿಸಿ.

ಪ್ರತಿ ಸಲ ಸೆಲ್ಫ್ ಹೊಡೆಯುವುದು 5 ಸೆಕೆಂಡ್ ಮೀರದಿರಲಿ, ನಡುವೆ ಒಂದು ನಿಮಿಷ ಬಿಡಿ. ಅರ್ಧ ಸುತ್ತಿಗೆ ನಿಂತ ಮೋಟಾರಿಗೆ ಕೀ ಒತ್ತಿ ಹಿಡಿದರೆ ಒಳಗಿನ ತಂತಿ ಸುತ್ತುಗಳು ಬೆಂದುಹೋಗುತ್ತವೆ. ಈಗಾಗಲೇ ಭಾಗಗಳನ್ನು ಬದಲಿಸಿಬಿಟ್ಟಿದ್ದರೆ ಕಳಚಿದ ಹಳೆಯ ಬ್ಯಾಟರಿ, ಸೊಲೆನಾಯ್ಡ್, ಸೆಲ್ಫ್ ಮೋಟಾರನ್ನು ಗುಜರಿಗೆ ಹಾಕಬೇಡಿ. ಟ್ಯಾಪೆಟ್ ಸರಿಮಾಡಿದ ಮೇಲೆ ಅವನ್ನೇ ಒಮ್ಮೆ ಜೋಡಿಸಿ ನೋಡಿ.