ಲೀಜಿಯನ್ ಅಂತ ದುಡ್ಡು ಕಟ್ಟಿಸಿಕೊಂಡರು, ಕೊನೆಗೆ ಕಳಿಸಿದ್ದು ರಷ್ಯಾ ಸೇನೆಯ ಕಾಗದ. ದಯವಿಟ್ಟು ಓದಿ

ಫ್ರೆಂಚ್ ಫಾರಿನ್ ಲೀಜಿಯನ್‌ಗೆ, ಅಂದರೆ ವಿದೇಶಿಯರನ್ನೂ ಸೇರಿಸಿಕೊಳ್ಳುವ ಫ್ರಾನ್ಸ್ ಸೇನೆಯ ಪಡೆಗೆ, ಸೇರಲು ಒಂದು ರೂಪಾಯಿಯನ್ನೂ ಯಾರಿಗೂ ಕಟ್ಟಬೇಕಾಗಿಲ್ಲ. ಅರ್ಜಿ ಶುಲ್ಕ ಇಲ್ಲ, ಸೀಟ್ ಬುಕಿಂಗ್ ಇಲ್ಲ, ಏಜೆಂಟ್ ಕೋಟಾ ಇಲ್ಲ. ಇಲ್ಲ ಅಂದರೆ ಇಲ್ಲ. ಇದಿಷ್ಟು ಸಮಯಕ್ಕೆ ಸರಿಯಾಗಿ ಗೊತ್ತಿದ್ದಿದ್ದರೆ ನನ್ನ ಎರಡೂವರೆ ಲಕ್ಷ ಉಳಿಯುತ್ತಿತ್ತು. ಬರೆಯಲು ನಾಚಿಕೆಯಾಗುತ್ತಿದೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ನನ್ನಿಂದ ದುಡ್ಡು ಕಟ್ಟಿಸಿಕೊಂಡ ಏಜೆಂಟ್ ಈಗಲೂ 18-20ರ ಹುಡುಗರಿಗೆ ನನಗೆ ತೋರಿಸಿದ ಲೀಜಿಯನ್ ವಿಡಿಯೊವನ್ನೇ ತೋರಿಸುತ್ತಿದ್ದಾನೆ.

ಇಂಥವರು ದುಡ್ಡು ಕೇಳುವ ಕ್ರಮ ನಿಮಗೂ ಗೊತ್ತಿರುತ್ತದೆ. ಫೈಲ್ ಓಪನ್ ಮಾಡಲು 25,000. 'ಅಪಾಯಿಂಟ್‌ಮೆಂಟ್ ಲೆಟರ್' ಬಂದಾಗ 1 ಲಕ್ಷ. ವೀಸಾ ಸ್ಲಾಟ್ ಅಂತ ಮತ್ತೆ 1.25 ಲಕ್ಷ. ಪ್ರತಿ ಕಂತಿನ ಮುಂಚೆ ಒಂದು ಕಾಗದ ಬರುತ್ತದೆ, ಕಾಗದ ನೋಡಿದ ಕೂಡಲೇ ಕೈ ತಾನಾಗಿ ಫೋನ್ ಪೇ ಒತ್ತುತ್ತದೆ. ಆ ಲೆಟರ್‌ನಲ್ಲಿ ಫ್ರಾನ್ಸಿನ ಬಾವುಟ, ಲೀಜಿಯನ್ ಸೈನಿಕರ ಬಿಳಿ ಕೆಪಿ ಟೋಪಿಯ ಚಿತ್ರ, ದುಂಡು ಸೀಲು, 'ರಿಪೋರ್ಟಿಂಗ್ ದಿನಾಂಕ' ಎಲ್ಲ ಇತ್ತು.

ಲೀಜಿಯನ್ ಅಂಥ ಲೆಟರ್ ಕಳಿಸುವುದೇ ಇಲ್ಲ. ಕಳಿಸುವ ಪದ್ಧತಿಯೇ ಅಲ್ಲಿಲ್ಲ. ಅಲ್ಲಿ ನಡೆಯುವುದು ಹೀಗೆ: ಅಭ್ಯರ್ಥಿ ತಾನೇ ಫ್ರಾನ್ಸಿಗೆ ಹೋಗಬೇಕು. ಪ್ಯಾರಿಸ್ ಪಕ್ಕದ ಫೋರ್ ದ ನೋಜಾಂ ಕೋಟೆಯ ಗೇಟಿಗೋ, ಮಾರ್ಸೇ ಹತ್ತಿರದ ಒಬಾಞ್‌ಗೋ ಹೋಗಿ ಪಾಸ್‌ಪೋರ್ಟ್ ತೋರಿಸಬೇಕು. ಹಗಲು ರಾತ್ರಿ, ವಾರದ ಏಳೂ ದಿನ ಗೇಟು ತೆರೆದಿರುತ್ತದೆ. ಅಪಾಯಿಂಟ್‌ಮೆಂಟ್ ಬೇಡ. ಆನ್‌ಲೈನ್ ಅರ್ಜಿ ಇಲ್ಲ, ಅಂಚೆ ಅರ್ಜಿ ಇಲ್ಲ, ಭಾರತದಲ್ಲಿ ಪ್ರತಿನಿಧಿ ಇಲ್ಲ. ವಯಸ್ಸು ಹದಿನೇಳೂವರೆಯಿಂದ ಮೂವತ್ತೊಂಬತ್ತೂವರೆ, 18 ತುಂಬದಿದ್ದರೆ ತಂದೆ ತಾಯಿಯ ಲಿಖಿತ ಒಪ್ಪಿಗೆ. ಗಂಡಸರಿಗೆ ಮಾತ್ರ. ಆಯ್ಕೆ ನಡೆಯುವ ದಿನಗಳಲ್ಲಿ ಊಟ, ವಸತಿ ಅವರದೇ. ಹೋಗುವ ಟಿಕೆಟ್, ವೀಸಾ, ಆಯ್ಕೆಯಾಗದಿದ್ದರೆ ವಾಪಸ್ ಬರುವ ಖರ್ಚು ನಮ್ಮದು. ವೀಸಾಗೆ ಲೀಜಿಯನ್ ಒಂದು ಪತ್ರವನ್ನೂ ಕೊಡುವುದಿಲ್ಲ.

ಈಗ ಯೋಚಿಸಿ, ಬಾಗಿಲು ತೆರೆದಿರುವ ಜಾಗಕ್ಕೆ 'ಒಳಗೆ ಬಿಡಿಸ್ತೀನಿ' ಅಂತ ದುಡ್ಡು ತಗೊಂಡವನು ಏನನ್ನು ಮಾರಿದ? ಏನೂ ಇಲ್ಲ. ಒಂದು ಪಿಡಿಎಫ್.

ನಿಜವಾದ ಅಡ್ಡಿ ವೀಸಾ. ಅದನ್ನು ಅವನು ನನ್ನ ಕೈಯಲ್ಲೇ ಹಾಳು ಮಾಡಿಸಿದ. ಫ್ರಾನ್ಸೂ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಷೆಂಗೆನ್ ವೀಸಾದ ಶುಲ್ಕ 2024ರ ಜೂನ್‌ನಿಂದ 90 ಯೂರೊ, ಅಷ್ಟೇ. 1.25 ಲಕ್ಷದಲ್ಲಿ ಅದು ಎಷ್ಟು ಪಾಲು, ನೀವೇ ಲೆಕ್ಕ ಹಾಕಿ. ಅರ್ಜಿಯಲ್ಲಿ ಪ್ರವಾಸ ಅಂತ ಬರೆಸಿ, ಹೋಟೆಲ್ ಬುಕಿಂಗ್ ತಾನೇ ತಯಾರು ಮಾಡಿದ, ಬ್ಯಾಂಕ್ ಖಾತೆಗೆ ಮೂರು ದಿನಕ್ಕೆ ದುಡ್ಡು ತುಂಬಿಸಿ ಸ್ಟೇಟ್‌ಮೆಂಟ್ ತೆಗೆಸಿದ. ನಿರಾಕರಣೆ ಫಾರ್ಮ್ ಬಂತು. ಅದರಲ್ಲಿ ಕಾರಣಗಳ ಮುಂದೆ ಚೌಕಗಳಿರುತ್ತವೆ. ಟಿಕ್ ಇದ್ದದ್ದು, ಪ್ರಯಾಣದ ಉದ್ದೇಶದ ಬಗ್ಗೆ ಕೊಟ್ಟ ಮಾಹಿತಿ ನಂಬಲರ್ಹವಲ್ಲ ಅನ್ನುವ ಚೌಕಕ್ಕೆ. ಈ ದಾಖಲೆ ಯುರೋಪಿನ ವೀಸಾ ಮಾಹಿತಿ ವ್ಯವಸ್ಥೆಯಲ್ಲಿ 5 ವರ್ಷ ಉಳಿಯುತ್ತದೆ. ಮುಂದೆ ಓದಲು ಹೋಗುತ್ತೇನೆಂದರೂ, ಕೆಲಸಕ್ಕೆ ಹೋಗುತ್ತೇನೆಂದರೂ ಷೆಂಗೆನ್ ದೇಶದ ಅಧಿಕಾರಿ ಇದನ್ನು ನೋಡುತ್ತಾನೆ. ಹೋಟೆಲ್ ಬುಕಿಂಗ್ ತಯಾರು ಮಾಡಿದವನ ಹೆಸರು ಅದರಲ್ಲಿಲ್ಲ. ನನ್ನ ಹೆಸರಿದೆ.

ಫೋನ್ ಮಾಡಿದರೆ ಅವನ ದನಿಯಲ್ಲಿ ಒಂಚೂರೂ ಗಾಬರಿ ಇಲ್ಲ.

"ಟೆನ್ಶನ್ ತಗೋಬೇಡ ತಮ್ಮಾ, ಇದೆಲ್ಲ ರೊಟೀನ್. ನೀನು ಮೊದ್ಲು ರಷ್ಯಾಕ್ಕೆ ಹೋಗು. ಆರು ತಿಂಗ್ಳಲ್ಲಿ ಅಲ್ಲಿಂದ್ಲೇ ಫ್ರಾನ್ಸ್ ಫೈಲ್ ಮೂವ್ ಮಾಡಿಸ್ತೀನಿ."

ಅಲ್ಲಿ ಏನು ಕೆಲಸ ಸಾರ್?

"ಹೆಲ್ಪರ್. ಗೋಡೌನ್‌ನಲ್ಲಿ ಸಾಮಾನು ಎಣಿಸೋದು. ಜಾಗ ಆರ್ಮಿದು ಅಷ್ಟೆ. ಗನ್ ಮುಟ್ಟೋ ಪ್ರಶ್ನೆನೇ ಇಲ್ಲ."

ಕಾಗದ ತೋರಿಸಿ ಅಂದೆ. ಎರಡು ದಿನ ಬಿಟ್ಟು ಫೋನಿಗೆ ನಾಲ್ಕು ಫೋಟೊ ಬಂದವು. ಪೂರ್ತಿ ರಷ್ಯನ್, ಕೆಳಗೆ ಸಹಿಗೆ ಖಾಲಿ ಗೆರೆ, ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಗುರುತು. ಇನ್ನೊಂದು ಫೋನಿನ ಕ್ಯಾಮೆರಾ ಅನುವಾದ ತೆರೆದು ಆ ಫೋಟೊ ಮೇಲೆ ಹಿಡಿದೆ. ಅಕ್ಷರಗಳು ನಡುಗುತ್ತ ನಡುಗುತ್ತ ಬದಲಾಗಿ ಮೇಲಿನ ಸಾಲು ನಿಂತಿತು: ಮಿಲಿಟರಿ ಸೇವೆ ಸಲ್ಲಿಸುವ ಒಪ್ಪಂದ. ಅದರ ಕೆಳಗೆ ರಕ್ಷಣಾ ಸಚಿವಾಲಯ. ನಾಲ್ಕೂ ಪುಟ ಹುಡುಕಿದೆ, ಗೋಡೌನ್ ಇಲ್ಲ, ಹೆಲ್ಪರ್ ಇಲ್ಲ, ಫ್ರಾನ್ಸ್ ಇಲ್ಲ. ಕೈ ತಣ್ಣಗಾಯಿತು. ಎರಡೂವರೆ ಲಕ್ಷ ಕೊಟ್ಟು ನಾನು ಹೋಗಲಿದ್ದದ್ದು ಯುದ್ಧಕ್ಕೆ.

"ಅದು ಫಾರ್ಮ್ಯಾಟ್ ತಮ್ಮಾ, ಎಲ್ರಿಗೂ ಅದೇ ಪೇಪರ್. ಒಂದು ವರ್ಷ ಅಷ್ಟೆ. ಇಷ್ಟ ಆಗ್ಲಿಲ್ಲ ಅಂದ್ರೆ ವಾಪಸ್ ಬಾ."

ಎಲ್ಲರಿಗೂ ಅದೇ ಪೇಪರ್. ಈ ಮಾತು ಈಗಲೂ ಕಿವಿಯಲ್ಲಿದೆ. ಎಲ್ಲರಿಗೂ ಅಂದರೆ ಎಷ್ಟು ಜನರಿಗೆ?

'ಒಂದು ವರ್ಷ ಅಷ್ಟೆ' ಯಾಕೆ ಸುಳ್ಳು ಅಂತ ತಿಳಿದುಕೊಳ್ಳಿ. ಕಾಗದದಲ್ಲಿ ಒಂದು ವರ್ಷ ಅಂತ ಇರಬಹುದು. ಆದರೆ 2022ರ ಸೆಪ್ಟೆಂಬರ್ 21ರಂದು ರಷ್ಯಾ ಅಧ್ಯಕ್ಷರು ಹೊರಡಿಸಿದ ಭಾಗಶಃ ಸೇನಾ ಸಜ್ಜುಗೊಳಿಸುವಿಕೆಯ (ಮೀಸಲು ಪಡೆಯವರನ್ನು ಯುದ್ಧಕ್ಕೆ ಕರೆಸುವ) ಆದೇಶ ಇದೆಯಲ್ಲ, ಅದರ ಪ್ರಕಾರ ಸೇನೆಯ ಒಪ್ಪಂದಗಳು ಆ ಸಜ್ಜುಗೊಳಿಸುವಿಕೆಯ ಅವಧಿ ಮುಗಿಯುವವರೆಗೆ ಜಾರಿಯಲ್ಲೇ ಇರುತ್ತವೆ. ಅವಧಿ ಯಾವತ್ತು ಮುಗಿಯುತ್ತದೆ ಅಂತ ಆದೇಶದಲ್ಲಿ ದಿನಾಂಕ ಇಲ್ಲ. ವರ್ಷ ತುಂಬಿತು, ಹೊರಟೆ ಅನ್ನಲು ಆಗುವುದಿಲ್ಲ. ಬಿಟ್ಟು ಬಂದರೆ ಅಲ್ಲಿನ ಕಾನೂನಿನಲ್ಲಿ ನೀವು ಸೇನೆಯಿಂದ ಓಡಿಹೋದ ಸೈನಿಕ. ಸಹಿ ಹಾಕಿದ್ದು ನೀವೇ, ಓದಲಾಗದ ಭಾಷೆಯಲ್ಲಿ ಹಾಕಿದ್ದು ಅನ್ನುವುದು ಅಲ್ಲಿ ಯಾರಿಗೂ ಬೇಕಿಲ್ಲ.

ಇದು ನನ್ನೊಬ್ಬನ ಭಯ ಅಲ್ಲ. 2024ರ ಆರಂಭದಲ್ಲಿ ಕಲಬುರಗಿಯ ಹುಡುಗರು ಹೀಗೇ ಸಿಕ್ಕಿಕೊಂಡ ಸುದ್ದಿ ನೀವೂ ಓದಿರುತ್ತೀರಿ. ಸೆಕ್ಯುರಿಟಿ, ಹೆಲ್ಪರ್ ಕೆಲಸ ಅಂತ ಕರೆದೊಯ್ದು ಯುದ್ಧದ ಕಡೆ ತಳ್ಳಿದ್ದು. ಆ ಮಾರ್ಚ್‌ನಲ್ಲಿ ಸಿಬಿಐ ಕೇಸು ಹಾಕಿ ಹಲವು ನಗರಗಳಲ್ಲಿ ಏಜೆಂಟರ ಜಾಗಗಳನ್ನು ಶೋಧಿಸಿತು. ಜುಲೈನಲ್ಲಿ ಪ್ರಧಾನಿ ಮಾಸ್ಕೋದಲ್ಲೇ ಈ ವಿಷಯ ಎತ್ತಿದರು. 2025ರ ಜನವರಿಯಲ್ಲಿ ವಿದೇಶಾಂಗ ಸಚಿವಾಲಯ ಕೊಟ್ಟ ಲೆಕ್ಕ: ಗೊತ್ತಾಗಿರುವ ಪ್ರಕರಣ 126, ವಾಪಸ್ ಬಂದವರು 96, ಸತ್ತವರು 12, ಕಾಣೆಯಾದವರು 16. ಪ್ರಧಾನಿ ಮಟ್ಟದಲ್ಲಿ ಮಾತಾಡಿ ಬಿಡಿಸಬೇಕಾಯಿತು, ಅದೂ ಎಲ್ಲರನ್ನೂ ಅಲ್ಲ. 'ಇಷ್ಟ ಆಗ್ಲಿಲ್ಲ ಅಂದ್ರೆ ವಾಪಸ್ ಬಾ' ಅಂತೆ. ಸಚಿವಾಲಯ 2025ರ ಸೆಪ್ಟೆಂಬರ್‌ನಲ್ಲಿ ಮತ್ತೆ ಎಚ್ಚರಿಕೆ ಕೊಟ್ಟಿತು. ಅಂದರೆ ಈ ದಂಧೆ ನಿಂತಿಲ್ಲ.

ದುಡ್ಡು ವಾಪಸ್ ಕೇಳಿದೆ. "ಸರ್ವಿಸ್ ಚಾರ್ಜ್ ರಿಫಂಡ್ ಇಲ್ಲ. ಹಿಂದೆ ಸರಿದಿದ್ದು ನೀನು, ನಾನಲ್ಲ." ದೂರು ಕೊಡ್ತೀನಿ ಅಂದೆ. ಆಗ 'ತಮ್ಮಾ' ಹೋಯಿತು. "ಕೊಡು ಹೋಗು. ಫಾರಿನ್ ಆರ್ಮಿಗೆ ಸೇರೋಕೆ ಹೊರಟಿದ್ದು ನೀನು, ಕೇಸ್ ಆಗೋದು ನಿನ್ ಮೇಲೆ."

ಬಹಳ ಹುಡುಗರು ಈ ಮಾತಿಗೆ ಹೆದರಿ ಸುಮ್ಮನಾಗುತ್ತಾರೆ. ನಾನೂ ಹತ್ತು ದಿನ ಸುಮ್ಮನಿದ್ದೆ. ಹೆದರಬೇಡಿ. 1874ರ ಫಾರಿನ್ ರಿಕ್ರೂಟಿಂಗ್ ಕಾಯ್ದೆ ಹಿಡಿಯುವುದು ಬೇರೆ ದೇಶದ ಸೇನೆಗೆ ಇಲ್ಲಿಂದ ಜನ ಕೂಡಿಸುವವನನ್ನು. 1983ರ ಎಮಿಗ್ರೇಶನ್ ಕಾಯ್ದೆ ಪ್ರಕಾರ ವಿದೇಶಿ ಕೆಲಸಕ್ಕೆ ಜನ ಕಳಿಸುವವನಿಗೆ ನೋಂದಣಿ ಇರಲೇಬೇಕು, ಅವನು ಪಡೆಯಬಹುದಾದ ಸೇವಾ ಶುಲ್ಕಕ್ಕೆ 30,000 ರೂಪಾಯಿ ಮತ್ತು ಜಿಎಸ್‌ಟಿ ಅನ್ನುವ ಮಿತಿ ಇದೆ, ರಸೀದಿ ಕೊಡಬೇಕು. ಇವನ ಬಳಿ ನೋಂದಣಿ ಸಂಖ್ಯೆ ಕೇಳಿದ್ದಕ್ಕೆ ಬಂದ ಉತ್ತರ, "ಅದು ಗಲ್ಫ್ ಲೇಬರ್‌ಗೆ, ನಮ್ದು ಡಿಫೆನ್ಸ್ ಕನ್ಸಲ್ಟೆನ್ಸಿ." ಡಿಫೆನ್ಸ್ ಕನ್ಸಲ್ಟೆನ್ಸಿ ಅಂತ ಯಾವ ವಿನಾಯಿತಿಯೂ ಇಲ್ಲ. ಸಂಖ್ಯೆ ಕೊಟ್ಟರೆ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ಹಾಕಿ ನೋಡಿ, ಎರಡು ನಿಮಿಷದ ಕೆಲಸ. ನಾನು ಆ ಎರಡು ನಿಮಿಷ ಮೊದಲೇ ಕೊಡಬೇಕಿತ್ತು.

ಇಷ್ಟೆಲ್ಲ ಕೇಳಿಯೂ ನೇರವಾಗಿ, ಏಜೆಂಟ್ ಇಲ್ಲದೆ ಲೀಜಿಯನ್‌ಗೆ ಹೋಗುತ್ತೇನೆ ಅನ್ನುವವರಿಗೆ: ಹೋಗಬೇಡಿ ಅಂತ ಹೇಳುವ ಹಕ್ಕು ನನಗಿಲ್ಲ, ಆದರೆ ಅವನು ಮುಚ್ಚಿಟ್ಟದ್ದನ್ನೆಲ್ಲ ಹೇಳುತ್ತೇನೆ. ಮೊದಲ ಒಪ್ಪಂದ 5 ವರ್ಷ. ಅವನು ಹೇಳಿದ್ದು 'ನಾಲ್ಕು ತಿಂಗಳ ಟ್ರೈನಿಂಗ್, ಆಮೇಲೆ ಸೆಟ್ಲ್'. ನಾಲ್ಕು ತಿಂಗಳು ಅನ್ನುವುದು ದಕ್ಷಿಣ ಫ್ರಾನ್ಸಿನ ಕ್ಯಾಸ್ತೆಲ್‌ನೋದರಿಯಲ್ಲಿ ನಡೆಯುವ ಮೂಲ ತರಬೇತಿ ಮಾತ್ರ. ಅದಾದ ಮೇಲೆ ಯಾವ ರೆಜಿಮೆಂಟ್ ಅಂತ ನಿರ್ಧರಿಸುವುದು ಅವರು. ಕಾರ್ಸಿಕಾ ದ್ವೀಪದ ಪ್ಯಾರಾಶೂಟ್ ಪಡೆಯೂ ಆಗಬಹುದು, ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದ ಕಾಡೂ ಆಗಬಹುದು. ಮದುವೆಯಾಗಿದ್ದರೂ ಸೇರಿಸಿಕೊಳ್ಳುವುದು ಅವಿವಾಹಿತ ಅಂತಲೇ. ಆರಂಭದ ಸಂಬಳ ತಿಂಗಳಿಗೆ 1,500 ಯೂರೊ ಆಸುಪಾಸು, ಊಟ ವಸತಿ ಸೇರಿ ಒಳ್ಳೆಯದೇ, ಆದರೆ ಅವನು ಹೇಳಿದ 'ತಿಂಗಳಿಗೆ 4 ಲಕ್ಷ' ಅಲ್ಲವೇ ಅಲ್ಲ.

ಆಯ್ಕೆಗೆ ಕನಿಷ್ಠ 4 ಪುಲ್-ಅಪ್, 20 ಮೀಟರ್ ಬೀಪ್ ಓಟದಲ್ಲಿ (ಬೀಪ್ ಸದ್ದಿನ ವೇಗ ಏರಿದಂತೆ ಹಿಂದೆ ಮುಂದೆ ಓಡುವುದು) 7ನೇ ಹಂತ ಅನ್ನುತ್ತಾರೆ. ಕನಿಷ್ಠ ಮಾಡಿದವನು ಆಯ್ಕೆಯಾಗುತ್ತಾನೆ ಅಂತಲ್ಲ, ಪಕ್ಕದಲ್ಲಿ 15 ಪುಲ್-ಅಪ್ ಎಳೆಯುವವನು ನಿಂತಿರುತ್ತಾನೆ. ಹಲ್ಲು, ಕಣ್ಣು, ಹಳೆಯ ಶಸ್ತ್ರಚಿಕಿತ್ಸೆ, ಮಂಡಿ ಎಲ್ಲ ನೋಡುತ್ತಾರೆ. ಹುಳುಕು ಹಲ್ಲಿಗೆ ಅಲ್ಲಿ ಹೋಗಿ ವಾಪಸಾಗುವ ಬದಲು ಇಲ್ಲೇ ಸರಿ ಮಾಡಿಸಿಕೊಳ್ಳಿ. ತರ್ಕದ ಪರೀಕ್ಷೆ ಇರುತ್ತದೆ, ಹಿನ್ನೆಲೆ ಬಗ್ಗೆ ಸಂದರ್ಶನ ಇರುತ್ತದೆ, ಅಲ್ಲಿ ಸುಳ್ಳು ಹೇಳಿ ಸಿಕ್ಕಿಬಿದ್ದರೆ ಮುಗಿಯಿತು. ಬಂದವರಲ್ಲಿ ಹೆಚ್ಚಿನವರು ವಾಪಸ್ ಹೋಗುತ್ತಾರೆ. ಹಾಗೆ ಗೇಟಿನಿಂದ ಹೊರಬಿದ್ದ ದಿನ ಕೈಯಲ್ಲಿ ವಾಪಸ್ ಟಿಕೆಟ್ ಇರಬೇಕು, ವೀಸಾ ದಿನಗಳು ಉಳಿದಿರಬೇಕು. ಸಾಲ ಮಾಡಿ ಒಂದೇ ಕಡೆಯ ಟಿಕೆಟ್ ತೆಗೆದವನ ಗತಿ ಅಲ್ಲೇ ಕೆಡುವುದು.

ಪೌರತ್ವದ ಮಾತು ಬೇರೆಯೇ ಹೇಳಬೇಕು, ಯಾಕೆಂದರೆ 'ಮೂರು ವರ್ಷಕ್ಕೆ ಫ್ರೆಂಚ್ ಪಾಸ್‌ಪೋರ್ಟ್' ಅನ್ನುವುದೇ ಅವನ ದೊಡ್ಡ ಬಲೆ. ಮೂರು ವರ್ಷ ಸೇವೆಯಾದ ಮೇಲೆ ಅರ್ಜಿ ಹಾಕಬಹುದು, ಅಷ್ಟೆ. ಅರ್ಜಿಗೂ ಪಾಸ್‌ಪೋರ್ಟಿಗೂ ಬಹಳ ದೂರ. ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ನಮ್ಮ 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಬೇರೆ ದೇಶದ ಪೌರತ್ವ ಪಡೆದ ಕ್ಷಣ ಭಾರತದ ಪೌರತ್ವ ಹೋಗುತ್ತದೆ. ಬೇರೆಯವರಾದರೆ ಒಸಿಐ ಕಾರ್ಡ್ (ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ವೀಸಾ ಇಲ್ಲದೆ ಬಂದು ಹೋಗಲು ಕೊಡುವ ಕಾರ್ಡ್) ಮಾಡಿಸಿಕೊಂಡು ಬಂದು ಹೋಗಿ ಮಾಡುತ್ತಾರೆ. ವಿದೇಶಿ ಸೇನೆಯಲ್ಲಿ ಇರುವವರಿಗೆ, ನಿವೃತ್ತರಾದವರಿಗೂ ಒಸಿಐ ಕೊಡುವುದಿಲ್ಲ. ಅಪ್ಪ ಅಮ್ಮನನ್ನು ನೋಡಲು ಬರಬೇಕೆಂದರೂ ವೀಸಾ. ಇದನ್ನು 19 ವರ್ಷದ ಹುಡುಗನಿಗೆ ಯಾವ ಏಜೆಂಟ್ ಹೇಳುತ್ತಾನೆ?

ಇನ್ನು ಅವನ ಪಟ್ಟಿಯಲ್ಲಿದ್ದ ಉಳಿದ 'ಪ್ಯಾಕೇಜ್'ಗಳು. ಅಮೆರಿಕ ಸೇನೆ: ಅಲ್ಲಿನ ಪ್ರಜೆ ಅಥವಾ ಗ್ರೀನ್ ಕಾರ್ಡ್ ಇರುವವರಿಗೆ ಮಾತ್ರ, ಇಲ್ಲಿಂದ ನೇರ ಭರ್ತಿ ಅನ್ನುವುದೇ ಇಲ್ಲ. ಬ್ರಿಟಿಷ್ ಗೂರ್ಖಾ: ನೇಪಾಳದ ಪ್ರಜೆಗಳಿಗೆ ಮಾತ್ರ. ಸ್ಪ್ಯಾನಿಷ್ ಲೀಜಿಯನ್: ಸ್ಪೇನ್ ಜೊತೆ ಹಳೆಯ ನಂಟಿರುವ, ಹೆಚ್ಚಾಗಿ ಲ್ಯಾಟಿನ್ ಅಮೆರಿಕದ ದೇಶಗಳವರಿಗೆ, ಅದೂ ಸ್ಪೇನಿನಲ್ಲಿ ಕಾನೂನುಬದ್ಧವಾಗಿ ವಾಸವಿದ್ದರೆ. ಈ ಮೂರಕ್ಕೂ ಅವನ ಬಳಿ ರೇಟ್ ಕಾರ್ಡ್ ಇತ್ತು!

ಈಗಾಗಲೇ ದುಡ್ಡು ಕೊಟ್ಟವರು ಮೊದಲು ಮಾಡಬೇಕಾದ್ದು ಪಾಸ್‌ಪೋರ್ಟ್ ವಾಪಸ್ ತಗೊಳ್ಳುವುದು. ದುಡ್ಡಿಗೆ ಜಗಳ ಆಮೇಲೆ. 'ವೆರಿಫಿಕೇಶನ್‌ಗೆ ಇರ್ಲಿ' ಅಂದರೆ ಒಪ್ಪಬೇಡಿ. ಆಮೇಲೆ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಪ್ರತಿ ಕಂತಿನ ಯುಪಿಐ ಸಂಖ್ಯೆ ಗುರುತು ಹಾಕಿ. ಆನ್‌ಲೈನ್ ಪಾವತಿ ಆದ ಕೂಡಲೇ ಅನುಮಾನ ಬಂದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ತಡವಾದಷ್ಟೂ ದುಡ್ಡು ಬೇರೆ ಖಾತೆಗೆ ಹೋಗಿರುತ್ತದೆ. ಠಾಣೆಯಲ್ಲಿ ದೂರು ಬರೆಯುವಾಗ 'ಸಾಲದ ವ್ಯವಹಾರ' ಅಂತ ಬರೆಯಲು ಬಿಡಬೇಡಿ, ವಂಚನೆ ಅಂತಲೇ ಬರೆಸಿ, ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್. ಎಮಿಗ್ರೇಶನ್ ಕಾಯ್ದೆಯನ್ನೂ ಹೆಸರಿಸಿ.

ಇನ್ನೊಂದು, ಇದು ತುರ್ತು. ದೂರಿನ ಸುದ್ದಿ ಕಿವಿಗೆ ಬಿದ್ದ ರಾತ್ರಿ ಅವನು ಹಳೆಯ ಮೆಸೇಜ್‌ಗಳನ್ನು ಎರಡೂ ಕಡೆಯಿಂದ ಅಳಿಸಲು ಶುರು ಮಾಡಿದ. ರಷ್ಯನ್ ಕಾಗದದ ನಾಲ್ಕು ಫೋಟೊಗಳಲ್ಲಿ ಎರಡು ಆಗಲೇ ಹೋಗಿದ್ದವು, ಗ್ಯಾಲರಿಯಲ್ಲಿ ಉಳಿಸಿದ್ದರಿಂದ ನನ್ನ ಬಳಿ ಉಳಿದಿವೆ. ನಿಮಗೂ ಅಂಥ ಕಾಗದ ಬಂದಿದ್ದರೆ ಅವನಿಗೆ ಏನೂ ಹೇಳದೆ ಈಗಲೇ ಚಾಟ್ ಎಕ್ಸ್‌ಪೋರ್ಟ್ ಮಾಡಿ, ಫೋಟೊಗಳನ್ನು ಬೇರೆ ಫೋನಿಗೆ ಹಾಕಿಡಿ, ಪ್ರಿಂಟ್ ತೆಗೆಸಿ. ಜಗಳ ಅದಾದ ಮೇಲೆ ಮಾಡಿ.