ಪಟೇಲರ ಜಗಲಿಯಿಂದ ಕಂಡ ರಾಂಪುರ: ಎಂ.ಎನ್. ಶ್ರೀನಿವಾಸರ ‘ದಿ ರಿಮೆಂಬರ್ಡ್ ವಿಲೇಜ್’

ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಯಾಕೆ ಕಡಿಮೆ ಅನ್ನುವುದನ್ನು ಮುಂದೆ ಹೇಳುತ್ತೇನೆ, ಅದಕ್ಕೂ ಪಾರ್ಸೆಲ್‌ಗೂ ಸಂಬಂಧ ಇಲ್ಲ. ಪಾರ್ಸೆಲ್ ಮೂಲೆ ಜಜ್ಜಿಕೊಂಡೇ ಬಂತು, ಅಕ್ಷರ ಕನ್ನಡಕ ಹಾಕಿದರೂ ಸಣ್ಣದೇ, ಆದರೆ ಅಂಥದ್ದಕ್ಕೆಲ್ಲ ಸ್ಟಾರ್ ಕಡಿಮೆ ಮಾಡುವವನು ನಾನಲ್ಲ.

ಸಂಸ್ಕೃತೀಕರಣ, ಪ್ರಬಲ ಜಾತಿ, ವೋಟ್ ಬ್ಯಾಂಕ್. ಈ ಮೂರು ಪದಗಳನ್ನೂ ಚಲಾವಣೆಗೆ ತಂದವರು ನಮ್ಮ ಮೈಸೂರಿನ ಸಮಾಜಶಾಸ್ತ್ರಜ್ಞ ಶ್ರೀನಿವಾಸ್ ಅನ್ನುವುದು ಕೆಎಎಸ್, ಐಎಎಸ್ ಅಂತ ಓದುವ ಹುಡುಗರಿಗೆಲ್ಲ ಬಾಯಿಪಾಠ. ನೋಟ್ಸ್‌ಗಳಲ್ಲಿ ಅವರು ಸಿಗುವುದೇ ಹಾಗೆ, ಐದು ಅಂಕದ ಪ್ರಶ್ನೆಯಾಗಿ. ಹುಟ್ಟಿದ್ದು 1916, ತೀರಿಕೊಂಡದ್ದು 1999, ಕೆಳಗೆ ಗೆರೆ ಎಳೆದು ಒಂದು ವ್ಯಾಖ್ಯೆ, ಮುಗಿಯಿತು. ಆ ನೋಟ್ಸ್ ಓದಿದವರು ಈ ಪುಸ್ತಕ ಕೈಗೆತ್ತಿಕೊಂಡರೆ ಸ್ವಲ್ಪ ಗಾಬರಿ ಆಗಬಹುದು. ಇದರಲ್ಲಿ ವ್ಯಾಖ್ಯೆ ಹುಡುಕಿದರೂ ಕಷ್ಟಪಟ್ಟೇ ಸಿಗುತ್ತದೆ. ಸಿಗುವುದು ಜನ, ಅವರ ಎತ್ತು, ಗದ್ದೆ, ಸಾಲ, ಜಗಳ, ಹೊಟ್ಟೆಕಿಚ್ಚು.

ಪುಸ್ತಕ ಹೀಗೆ ಆಗುವುದಕ್ಕೆ ಒಂದು ಬೆಂಕಿ ಕಾರಣ. 1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಶ್ರೀನಿವಾಸ್ ಕೂತು ಬರೆಯುತ್ತಿದ್ದ ಅಧ್ಯಯನ ಕೇಂದ್ರಕ್ಕೆ ಯಾರೋ ಬೆಂಕಿ ಹಚ್ಚಿದರು. ವಿದ್ಯಾರ್ಥಿ ಚಳವಳಿ ಜೋರಾಗಿದ್ದ ಕಾಲ ಅದು. ವರ್ಷಗಟ್ಟಲೆ ಕೂತು ಒಪ್ಪ ಮಾಡಿಟ್ಟಿದ್ದ, ರಾಂಪುರ ಎಂಬ ಹಳ್ಳಿಯ ಟಿಪ್ಪಣಿಗಳ ಮೂರು ಪ್ರತಿಗಳೂ ಅದೇ ಕೋಣೆಯಲ್ಲಿದ್ದವು. ಮೂರೂ ಸುಟ್ಟುಹೋದವು. (ಜೋಪಾನಕ್ಕೆ ಅಂತಲೇ ಮೂರು ಪ್ರತಿ ಮಾಡಿದ್ದು, ಕೊನೆಗೆ ಮೂರನ್ನೂ ಒಂದೇ ಕಡೆ ಇಟ್ಟದ್ದು. ದೊಡ್ಡ ಪಂಡಿತರೂ ನಮ್ಮ ಹಾಗೇ ಅಲ್ವಾ.) ಆಗ ಸಾಲ್ ಟ್ಯಾಕ್ಸ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞ ಧೈರ್ಯ ಹೇಳಿ, ನೆನಪಿನಿಂದಲೇ ಬರಿ ಎಂದರಂತೆ. ಬರೆದರು. 1976ರಲ್ಲಿ ಪುಸ್ತಕ ಬಂತು. ಟಿಪ್ಪಣಿ ಉಳಿದಿದ್ದರೆ ಎಷ್ಟು ಮನೆಗೆ ಎಷ್ಟು ಎಕರೆ ಅನ್ನುವ ಪಟ್ಟಿಗಳ ಭಾರಕ್ಕೆ ಪುಸ್ತಕ ಕುಸಿಯುತ್ತಿತ್ತು ಅಂತ ನನ್ನ ಗುಮಾನಿ. ನೆನಪು ಪಟ್ಟಿಗಳನ್ನು ಬಿಟ್ಟು ಮುಖಗಳನ್ನು ಇಟ್ಟುಕೊಂಡಿದೆ.

ರಾಂಪುರ ಅನ್ನುವುದು ಅವರು ಇಟ್ಟ ಹೆಸರು. ಮೈಸೂರಿಗೆ ಹತ್ತಿರದ, ಸುಮಾರು 1,500 ಜನರ ಊರು, ಒಕ್ಕಲಿಗರು ಜಾಸ್ತಿ, ಭತ್ತ ರಾಗಿ ಬೆಳೆಯುವ ಸೀಮೆ. ಶ್ರೀನಿವಾಸರ ಮನೆತನ ಕೂಡ ಅಲ್ಲೇ ಆಸುಪಾಸಿನ ಅರಕೆರೆಯದು, ತಂದೆಯ ಕಾಲಕ್ಕೆ ಮಕ್ಕಳ ಓದಿಗೆ ಅಂತ ಮೈಸೂರು ಸೇರಿದವರು. ಓದಿದ್ದು ಮಹಾರಾಜ ಕಾಲೇಜು, ಆಮೇಲಿನ ಗುರುಗಳು ಮುಂಬೈಯಲ್ಲಿ ಘುರ್ಯೆ, ಆಕ್ಸ್‌ಫರ್ಡ್‌ನಲ್ಲಿ ಮೊದಲು ರಾಡ್‌ಕ್ಲಿಫ್ ಬ್ರೌನ್, ಆಮೇಲೆ ಇವಾನ್ಸ್ ಪ್ರಿಚರ್ಡ್. ಆಕ್ಸ್‌ಫರ್ಡ್‌ನಲ್ಲೇ ಕೆಲಸ ಸಿಕ್ಕಿತು, ಮೊದಲ ವರ್ಷ ಹಳ್ಳಿಯಲ್ಲಿ ಕಳೆಯುವ ಅವಕಾಶವೂ ಸಿಕ್ಕಿತು. ಹಾಗೆ 1948ರಲ್ಲಿ, ಮೂವತ್ತು ದಾಟಿದ್ದರೂ ಮದುವೆಯಾಗದ ಈ ಬ್ರಾಹ್ಮಣ ಹುಡುಗ ಅಡುಗೆಯವನೊಬ್ಬನನ್ನೂ ರಾಶಿ ಸಾಮಾನನ್ನೂ ಕಟ್ಟಿಕೊಂಡು ರಾಂಪುರಕ್ಕೆ ಬಂದಿಳಿದರು.

ಊರ ಪಟೇಲರು ಕೊಟ್ಟ ಬಿಡಾರ ಎತ್ತಿನ ಮನೆ. ಪಟೇಲರ ಎತ್ತುಗಳನ್ನು ಕಟ್ಟುತ್ತಿದ್ದ ಕಟ್ಟಡ ಅದು. ಖಾಸಗಿ ಅನ್ನುವುದು ಅಲ್ಲಿ ಇಲ್ಲವೇ ಇಲ್ಲ, ಯಾರು ಬೇಕಾದರೂ ಯಾವಾಗ ಬೇಕಾದರೂ ಬಂದು ಕೂರಬಹುದು, ಏನು ಬೇಕಾದರೂ ಕೇಳಬಹುದು. ಇವರು ಊರನ್ನು ನೋಡುವುದಕ್ಕೆ ಬಂದರೆ ಊರೇ ಇವರನ್ನು ನೋಡುವುದಕ್ಕೆ ಶುರು ಮಾಡಿತು. ಕೈಯಲ್ಲಿದ್ದ ಕ್ಯಾಮೆರಾ ಜನರ ಬಾಯಲ್ಲಿ ಚಾಮರ ಆಗಿ, ಇವರು ಚಾಮರದ ಆಸಾಮಿ ಆದರು.

ಗಡ್ಡದ ಪ್ರಸಂಗವಂತೂ ಎರಡು ಸಲ ಓದಿದೆ. ಶ್ರೀನಿವಾಸ್ ಮೊದಲು ಸ್ನಾನ ಮಾಡಿ ಆಮೇಲೆ ಗಡ್ಡ ಮಾಡಿಕೊಳ್ಳುತ್ತಿದ್ದರಂತೆ, ಪೇಟೆಯಲ್ಲಿ ಎಷ್ಟೋ ಜನ ಮಾಡುವ ಹಾಗೆ. ಊರಿನವರಿಗೆ ಅದು ಸರಿಬರಲಿಲ್ಲ. ಕ್ಷೌರ ಅಂದರೆ ಮೈಲಿಗೆ, ಕ್ಷೌರ ಆದ ಮೇಲೆ ಸ್ನಾನ ಆಗಬೇಕು, ಬ್ರಾಹ್ಮಣರಾಗಿ ನೀವು ಹೀಗೆ ಮಾಡಬಹುದೇ ಅಂತ ತಕರಾರು. ಆಕ್ಸ್‌ಫರ್ಡ್‌ನಿಂದ ಬಂದವರಿಗೆ ಒಕ್ಕಲಿಗರ ಊರಿನಲ್ಲಿ ಮಡಿ ಮೈಲಿಗೆಯ ಪಾಠ! ಸಂಸ್ಕೃತೀಕರಣದ ಮಾತನ್ನು ಅವರು 1952ರಲ್ಲಿ ಬಂದ ಕೊಡವರ ಮೇಲಿನ ಪುಸ್ತಕದಲ್ಲಿ ಬೆಳೆಸಿದರು. ಕೆಳಗಿನ ಜಾತಿಯವರು ಮಾಂಸ, ಹೆಂಡ ಬಿಟ್ಟು, ಮೇಲಿನವರ ಆಚಾರ ಹಿಡಿದು, ಒಂದೆರಡು ತಲೆಮಾರಿನಲ್ಲಿ ಮೇಲೇರಲು ನೋಡುತ್ತಾರೆ ಅನ್ನುವುದು ಅದರ ತಿರುಳು. ಅದನ್ನು ಓದಿಕೊಂಡವರು ಈ ಗಡ್ಡದ ಪ್ರಸಂಗ ಓದಿದರೆ ವಿಷಯ ಎಷ್ಟು ಸಿಕ್ಕುಸಿಕ್ಕು ಅನ್ನುವುದು ಗೊತ್ತಾಗುತ್ತದೆ. ಆಚಾರ ಮೇಲಿನಿಂದ ಕೆಳಗೆ ಸುಮ್ನೆ ಹರಿದುಬರುವುದಿಲ್ಲ. ಮೇಲಿನವನು ಅದನ್ನು ಕೈಬಿಟ್ಟ ಮೇಲೂ ಕೆಳಗಿನವರು ಅವನ ಪರವಾಗಿ ಕಾವಲು ಕಾಯುತ್ತಿರುತ್ತಾರೆ.

ಪ್ರಬಲ ಜಾತಿ ಅನ್ನುವುದಕ್ಕೂ ಅಷ್ಟೇ. ಜನಸಂಖ್ಯೆ ಇರಬೇಕು, ಭೂಮಿ ಇರಬೇಕು, ಊರಿನ ಮೇಲೆ ಹಿಡಿತ ಇರಬೇಕು ಅಂತ ನೋಟ್ಸ್‌ನಲ್ಲಿ ಓದಿದ್ದು. ಇಲ್ಲಿ ಆ ಹಿಡಿತ ಕೆಲಸ ಮಾಡುವುದು ಕಾಣುತ್ತದೆ. ಬೇರೆ ಜಾತಿಯವರ ಮನೆಯೊಳಗಿನ ಜಗಳವೂ ಕೊನೆಗೆ ಒಕ್ಕಲಿಗ ಯಜಮಾನರ ಮುಂದೆ ಬಂದು ನಿಲ್ಲುತ್ತದೆ. ಅವರು ಅದನ್ನು ಆ ಜಾತಿಯ ಕಟ್ಟಳೆ ಪ್ರಕಾರವೇ ತೀರ್ಮಾನ ಮಾಡುತ್ತಾರೆ, ಆದರೆ ತೀರ್ಮಾನ ಮಾಡುವವರು ಇವರೇ. ಗದ್ದೆ ಇವರದ್ದು, ಸಾಲ ಇವರದ್ದು, ಹಾಗಾಗಿ ಮಾತೂ ಇವರದ್ದು. ಈ ಋಣದ ಲೆಕ್ಕವೇ ಚುನಾವಣೆ ಬಂದಾಗ ಓಟಿನ ಲೆಕ್ಕ, ಅಂದರೆ ವೋಟ್ ಬ್ಯಾಂಕ್, ಆಗುವುದನ್ನು ಅವರು 1955ರಷ್ಟು ಹಿಂದೆಯೇ ಒಂದು ಪ್ರಬಂಧದಲ್ಲಿ ಬರೆದಿದ್ದರು. ಈಗ ಟಿವಿಯಲ್ಲಿ ಕೂತು ಲಿಂಗಾಯತರು ಎಷ್ಟು, ಒಕ್ಕಲಿಗರು ಎಷ್ಟು ಅಂತ ಬಣ್ಣಬಣ್ಣದ ನಕ್ಷೆ ತೋರಿಸುವವರು ಇದನ್ನೊಮ್ಮೆ ಓದಬೇಕು. ತಲೆ ಎಣಿಸಿದರೆ ಅರ್ಧ ಕಥೆಯೂ ಸಿಗುವುದಿಲ್ಲ, ಯಾರು ಯಾರ ಹಂಗಿನಲ್ಲಿದ್ದಾರೆ ಅನ್ನುವುದು ಗೊತ್ತಿರಬೇಕು.

ನನಗೆ ತುಂಬಾ ಹಿಡಿಸಿದ್ದು ಧರ್ಮದ ಅಧ್ಯಾಯದಲ್ಲಿ ಬರುವ ಬಸವನ ಗುಡಿಯ ಸನ್ನಿವೇಶ. ಮಳೆ ಇಲ್ಲ. ಊರಿನ ಹಿರಿಯರು ದೇವರ ಹತ್ತಿರ ಹೂ ಕೇಳುವುದಕ್ಕೆ ಹೋಗುತ್ತಾರೆ. ವಿಗ್ರಹದ ಮೇಲೆ ಒದ್ದೆ ಹೂ ಅಂಟಿಸಿ ಕಾಯುವುದು, ಬಲಕ್ಕೆ ಬಿದ್ದರೆ ಆಗುತ್ತದೆ, ಎಡಕ್ಕೆ ಬಿದ್ದರೆ ಇಲ್ಲ. ಹೂ ಜಪ್ಪಯ್ಯ ಅನ್ನುವುದಿಲ್ಲ. ಮೊದಲು ಬೇಡಿಕೊಳ್ಳುತ್ತಾರೆ. ಆಮೇಲೆ ಪುಸಲಾಯಿಸುತ್ತಾರೆ. ಆಮೇಲೆ ಸಿಟ್ಟು ಬಂದು ದೇವರಿಗೇ ದಬಾಯಿಸುತ್ತಾರೆ, ನಿನಗೆ ಮರ್ಯಾದೆ ಉಳಿಸಿಕೊಳ್ಳುವ ಮನಸ್ಸು ಇದೆಯೋ ಇಲ್ಲವೋ ಅನ್ನುವ ಧಾಟಿಯಲ್ಲಿ. ಪಟೇಲರು ಆಳಿನ ಹತ್ತಿರ ಮಾತಾಡುವ ಗತ್ತಿನಲ್ಲೇ ಬಸವನ ಹತ್ತಿರವೂ ಮಾತಾಡುತ್ತಾರೆ. ಹಳೇ ಮೈಸೂರಿನ ಕಡೆ ಹೂ ಕೇಳುವುದನ್ನು ನೋಡಿದವರಿಗೆ ಇದು ಹೊಸದಲ್ಲ, ಆದರೆ ಇದನ್ನು ಮೂಢನಂಬಿಕೆ ಅಂತ ಪಕ್ಕಕ್ಕೆ ತಳ್ಳದೆ, ಭಕ್ತಿ ಅಂತ ಕೈ ಮುಗಿಯದೆ, ಹೀಗೆ ತಮಾಷೆಯೂ ಗೌರವವೂ ಕೂಡಿದ ಕಣ್ಣಿನಿಂದ ಬರೆದ ಸಮಾಜಶಾಸ್ತ್ರಜ್ಞರು ನನಗೆ ಬೇರೆ ಸಿಕ್ಕಿಲ್ಲ.

ಮೂವರು ಮುಖ್ಯ ಗಂಡಸರ ಬಗ್ಗೆಯೇ ಒಂದು ಇಡೀ ಅಧ್ಯಾಯ ಇದೆ. ಪಟೇಲರು, ನಾಡುಗೌಡ, ಕುಳ್ಳೇಗೌಡ. ಪಟೇಲರದು ಗತ್ತು, ನಾಡುಗೌಡ ಮೆತ್ತಗಿನ ಮನುಷ್ಯ, ಕುಳ್ಳೇಗೌಡ ಯಾರೂ ಕರೆಯದೆ ತಾನೇ ಬಂದು ಶ್ರೀನಿವಾಸರಿಗೆ ಸಹಾಯಕನಾಗಿ ಅಂಟಿಕೊಂಡವನು. ಕುಳ್ಳೇಗೌಡ ಬಂದಾಗಲೆಲ್ಲ ಪುಟಕ್ಕೆ ಜೀವ ಬರುತ್ತದೆ. ಊರಿಗೆ ಬಸ್ಸು, ಅಕ್ಕಿ ಗಿರಣಿ ಬರುವ ಹೊತ್ತಿಗೆ ಭೂಮಿಯ ದುಡ್ಡು ಹೇಗೆ ಪೇಟೆಯ ವ್ಯಾಪಾರಕ್ಕೆ ಹರಿಯಿತು ಅನ್ನುವುದೂ ಇವರ ಮನೆಗಳ ಕಥೆಯಲ್ಲೇ ಸಿಗುತ್ತದೆ. ಕೃಷಿಯ ಅಧ್ಯಾಯ ಉದ್ದ, ನಡುವೆ ನಿದ್ದೆ ಬಂದರೆ ಬೇಜಾರು ಮಾಡಿಕೊಳ್ಳಬೇಡಿ.

ಇನ್ನು ಆ ಕಡಿಮೆಯಾದ ಸ್ಟಾರ್. ಎತ್ತಿನ ಮನೆ ಪಟೇಲರದ್ದು ಅಂತ ಹೇಳಿದೆನಲ್ಲ, ತೊಂದರೆ ಅಲ್ಲೇ. ಪಟೇಲರ ಅತಿಥಿಯಾದವರು, ಅದರಲ್ಲೂ ಬ್ರಾಹ್ಮಣರು, ಹೊಲಗೇರಿಯಲ್ಲಿ ಹೋಗಿ ಕೂತು ಮಾತಾಡುವುದು ಆ ಊರಿನ ಲೆಕ್ಕದಲ್ಲಿ ಆಗದ ಕೆಲಸ. ತನ್ನದು ಮೇಲ್ಜಾತಿಯ ಕಣ್ಣಿಗೆ ಕಂಡ ಊರು ಅಂತ ಶ್ರೀನಿವಾಸರೇ ಒಪ್ಪುತ್ತಾರೆ, ಆ ಪ್ರಾಮಾಣಿಕತೆಗೆ ಬೆಲೆ ಇದೆ. ಆದರೆ ಒಪ್ಪಿಕೊಂಡ ಮಾತ್ರಕ್ಕೆ ಜಾಗ ತುಂಬುವುದಿಲ್ಲ. ಗದ್ದೆಯ ಕೆಲಸದ ದೊಡ್ಡ ಪಾಲು ಯಾರ ಮೈಮೇಲೆ ಬಿದ್ದಿತ್ತೋ ಅವರು ಈ ಪುಸ್ತಕದಲ್ಲಿ ದೂರದಲ್ಲಿ ಓಡಾಡುತ್ತಾರೆ, ಹತ್ತಿರ ಬಂದು ಮಾತಾಡುವುದು ಕಡಿಮೆ. ಹೆಂಗಸರದ್ದೂ ಇದೇ ಕಥೆ. ಅವರ ಬಗ್ಗೆ ಅಧ್ಯಾಯ ಇದೆ, ಆದರೆ ಬಹುಪಾಲು ಗಂಡಸರು ಹೇಳಿದ್ದು ಕೇಳಿ ಬರೆದದ್ದು. ದಲಿತರು ತಮ್ಮ ಬದುಕನ್ನು ತಾವೇ ಬರೆದದ್ದನ್ನು ಓದಿಕೊಂಡ ನಮ್ಮ ತಲೆಮಾರಿಗೆ ಈ ಕೊರತೆ ಎದ್ದು ಕಾಣುತ್ತದೆ. ಪಟೇಲರ ಬಗ್ಗೆ ಲೇಖಕರಿಗೆ ಇರುವ ಮೆಚ್ಚುಗೆ ಒಂದೊಂದು ಕಡೆ ನನಗೆ ಅತಿ ಅನ್ನಿಸಿತು. ಬಿಡಾರ ಕೊಟ್ಟ ಮನೆ, ಇರಬಹುದು.

ಆಮೇಲಿನ ಶ್ರೀನಿವಾಸ್ ಬೇರೆ. 1951ರಲ್ಲಿ ಬರೋಡಾ, 1959ರಲ್ಲಿ ದೆಹಲಿ, ಎರಡೂ ಕಡೆ ಸಮಾಜಶಾಸ್ತ್ರದ ವಿಭಾಗ ಕಟ್ಟಿದರು. 1972ರಲ್ಲಿ ಬೆಂಗಳೂರಿಗೆ ಬಂದು ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಜೊತೆ ಐಸೆಕ್ ಎಂಬ ಸಮಾಜ, ಅರ್ಥಶಾಸ್ತ್ರಗಳ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದರು. 1977ರಲ್ಲಿ ಪದ್ಮಭೂಷಣ ಬಂತು. ಕೊನೆಗಾಲದಲ್ಲಿ ಬರೆದ ಲೇಖನದಲ್ಲಿ, ಹಳ್ಳಿಯ ಜಾತಿ ವ್ಯವಸ್ಥೆ ಒಡೆಯುತ್ತಿದೆ, ಆದರೆ ಒಂದೊಂದು ಜಾತಿ ಪೈಪೋಟಿಗೆ ಇಳಿದು ಗಟ್ಟಿಯಾಗುತ್ತಿದೆ ಎಂದರು. ಈಗ ಜಾತಿ ಗಣತಿಯ ಸುದ್ದಿ ಬಂದಾಗಲೆಲ್ಲ ಬೀದಿಗಿಳಿಯುವ ಸಂಘಗಳನ್ನು ನೋಡಿದರೆ ಆ ಮಾತು ನೆನಪಾಗುತ್ತದೆ. ಸಮಾಜಶಾಸ್ತ್ರ ಅಂದರೆ ಲೈಬ್ರರಿಯಲ್ಲಿ ಕೂತು ಧರ್ಮಶಾಸ್ತ್ರ ತಿರುವಿ ಹಾಕುವುದಲ್ಲ, ಊರಿಗೆ ಹೋಗಿ ಕೂರುವುದು ಅಂತ ಹಟ ಹಿಡಿದದ್ದೇ ಅವರು ಬಿಟ್ಟುಹೋದ ದೊಡ್ಡ ಆಸ್ತಿ ಅಂತ ನನಗನ್ನಿಸುತ್ತದೆ. ಅವರ ಪದಗಳನ್ನು ತಿದ್ದಿದವರು, ತಳ್ಳಿಹಾಕಿದವರು ಕೂಡ ಊರಿಗೆ ಹೋಗಿಯೇ ಆ ಕೆಲಸ ಮಾಡಬೇಕಾಯಿತು.

ಕೊಳ್ಳುವವರಿಗೆ ಒಂದೆರಡು ಮಾತು. ಪರೀಕ್ಷೆ ಹತ್ತಿರ ಇದ್ದರೆ ಇದನ್ನು ತಗೋಬೇಡಿ, 1966ರ ‘ಸೋಷಿಯಲ್ ಚೇಂಜ್ ಇನ್ ಮಾಡರ್ನ್ ಇಂಡಿಯಾ’ ತಗೊಳ್ಳಿ, ಸಂಸ್ಕೃತೀಕರಣವೂ ಪಾಶ್ಚಾತ್ಯೀಕರಣವೂ ಅದರಲ್ಲಿ ಕ್ರಮವಾಗಿ ಸಿಗುತ್ತದೆ. ಇದರ ಇಂಗ್ಲಿಷ್‌ಗೆ ಹೆದರಬೇಕಿಲ್ಲ, ದಿನಪತ್ರಿಕೆ ಓದುವಷ್ಟು ಬಂದರೆ ಸಾಕು. ಮಂಡ್ಯ ಮೈಸೂರು ಕಡೆಯವರು ಹಳ್ಳಿ ಕಂಡ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿ. ಮುಯ್ಯಿಯ, ಅಂದರೆ ಕೊಟ್ಟದ್ದಕ್ಕೆ ವಾಪಸ್ ಕೊಡುವ ಲೆಕ್ಕದ, ಭಾಗ ಓದಿ ಹೇಳಿದಾಗ ನಮ್ಮ ದೊಡ್ಡಪ್ಪ, ಮದುವೆಗೆ ಯಾರು ಎಷ್ಟು ಅಕ್ಕಿ ತಂದಿದ್ದರು, ಯಾರು ವಾಪಸ್ ಕೊಡಲಿಲ್ಲ ಅಂತ ಶುರು ಮಾಡಿದವರು ಊಟದ ಹೊತ್ತಾದರೂ ನಿಲ್ಲಿಸಲಿಲ್ಲ. ಶುರು ಮಾಡುವುದಾದರೆ ಆ ಮೂವರು ಗಂಡಸರ ಅಧ್ಯಾಯದಿಂದ ಮಾಡಿ, ಆಮೇಲೆ ಬಸವನ ಗುಡಿಗೆ ಹೋಗಿ. ಕೃಷಿಯನ್ನು ಕೊನೆಗೆ ಇಟ್ಟುಕೊಳ್ಳಬಹುದು.